ಬುಕ್ಕರಾಯನ ನ್ಯಾಯ

ವಿಜಯನಗರವೆಂದೊಡನೆ ನಮಗೆ ಕೃಷ್ಣದೇವರಾಯನ ನೆನಪಾಗುವುದು ಸಹಜ. ಆದರೆ ಆ ರಾಜ್ಯದ ಬುನಾದಿಯನ್ನು ಭದ್ರಪಡಿಸಿದವನು ಸಂಗಮನ ಮಗನಾದ ಬುಕ್ಕರಾಯ. ಅಣ್ಣ ಹರಿಹರನ ತರುವಾಯ 1356ರಿಂದ 1377ರವರೆಗೆ ಆಳಿದನು. ಬಹಮನಿ ಸುಲ್ತಾನರೊಡನೆ ಕಾದಿದನು. ಮಗ ಕಂಪಣನು ಮಧುರೆಯನ್ನು ಗೆದ್ದನು. ಅವನ ಆಶ್ರಯದಲ್ಲಿ ಸಾಯಣಾಚಾರ್ಯರು ವೇದಗಳಿಗೆ ಭಾಷ್ಯ ಬರೆದರು. ಇಷ್ಟನ್ನು ನಾವೆಲ್ಲರೂ ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರೇ. ನನ್ನನ್ನು ಸೆಳೆದುದು 1368ರಲ್ಲಿ ಅವನು ತೀರಿಸಿದ ಒಂದು ವ್ಯಾಜ್ಯ.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಜೈನರು, ವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಅವನಲ್ಲಿ ಮೊರೆಯಿಟ್ಟರು. ಹೊರನೋಟಕ್ಕೆ ಇದು ಮತಗಳ ಜಗಳ. ಆದರೆ ಅರಸನ ಕಟ್ಟಳೆಯನ್ನು ನೋಡಿದರೆ ಪಂಚಮಹಾವಾದ್ಯ, ಕಲಶಗಳ ಮರ್ಯಾದೆಯೇ ಅದರ ತಿರುಳೆಂದು ತೋರುತ್ತದೆ. ಯಾವ ಮತ ಮೇಲೆಂಬ ಚರ್ಚೆಗೆ ಅವನು ಎಡೆಗೊಡಲಿಲ್ಲ. ತಿರುಮಲೆ, ಮೇಲುಕೋಟೆಗಳೂ ಸೇರಿದಂತೆ 18 ನಾಡುಗಳ ಶ್ರೀವೈಷ್ಣವರ ಸಮ್ಮುಖದಲ್ಲಿ ಜೈನರ ಕೈಯನ್ನು ಅವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ವಾದ್ಯ ಕಲಶಗಳು ಹಿಂದಿನಂತೆಯೇ ಜೈನರಿಗೆ ಸಲ್ಲತಕ್ಕವೆಂದು ವಿಧಿಸಿದನು. ಈ ಕಟ್ಟಳೆಯನ್ನು ಬಸದಿಗಳಲ್ಲಿ ಶಾಸನವಾಗಿ ನಿಲ್ಲಿಸುವ ಹೊಣೆ ಶ್ರೀವೈಷ್ಣವರದೇ ಆಯಿತು.

ಇಷ್ಟಕ್ಕೇ ನಿಂತಿದ್ದರೆ ಅದು ನಾಲ್ಕು ದಿನದ ಸಮಾಧಾನವಾಗುತ್ತಿತ್ತು. ಜೈನರು ಮನೆಗೆ ವರ್ಷಕ್ಕೆ 1 ಹಣದಂತೆ ಕೊಡುವುದು. ಅದರಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ಇಡುವುದು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸುವುದು ಎಂದು ಗೊತ್ತುಮಾಡಲಾಯಿತು. ನೊಂದವರಿಂದಲೇ ಹಣವೇಕೆಂದು ನಾನು ತರಗತಿಯಲ್ಲಿ ಕೇಳಿದ್ದೆ. ಆ ಸಂಶಯ ಇನ್ನೂ ಪೂರ್ತಿ ಹೋಗಿಲ್ಲ. ಆದರೂ ಬಲವುಳ್ಳವರನ್ನು ದಂಡಿಸಿ ಕಳುಹಿಸದೆ, ಅವರನ್ನೇ ಕಾವಲಿಗೆ ನಿಲ್ಲಿಸಿದ ದೂರದೃಷ್ಟಿ ಸಾಮಾನ್ಯವಾದುದಲ್ಲ. ಮುಂದೆ ಎರಡು ಸಮಯದವರೂ ಕೂಡಿ ಕಲ್ಲೆಹದ ಬುಸುವಿಸೆಟ್ಟಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದು ಶ್ರವಣಬೆಳಗೊಳದ ಶಾಸನದಿಂದಲೇ ತಿಳಿಯುತ್ತದೆ.

ಇದನ್ನು ಬರೆಯಲು ನನಗೆ ಬೇರೊಂದು ಕಾರಣವೂ ಉಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಳೆದ ವರ್ಷ ಊರ ಜಾತ್ರೆಯಲ್ಲಿ ತಮಟೆ ಮೊದಲು ಯಾರ ಕೇರಿಯಲ್ಲಿ ನಿಲ್ಲಬೇಕೆಂದು ಎರಡು ಕೇರಿಗಳಿಗೆ ಮನಸ್ತಾಪವಾಯಿತು. ಓದಿದ ಹುಡುಗನೆಂದು ನಮ್ಮ ಹಿರಿಯರು ಅರ್ಜಿ ಬರೆಯಲು ನನ್ನನ್ನು ಕೂರಿಸಿದರು. ಅಂದವಾಗಿಯೇ ಬರೆದೆ. ಆದರೆ ಎದುರು ಕೇರಿಯ ಒಬ್ಬರನ್ನೂ ಮಾತನಾಡಿಸಿರಲಿಲ್ಲ. ನಮ್ಮ ಕೇರಿಗೆ ಜಯವಾಯಿತು. ಅಲ್ಲಿನ ನನ್ನ ಬಾಲ್ಯದ ಗೆಳೆಯ ಅಂದಿನಿಂದ ಮಾತು ಬಿಟ್ಟಿದ್ದಾನೆ.

ಕೈ ಕೂಡಿಸಲು ನಾನು ಅರಸನಲ್ಲ. ಆದರೆ ಮೊರೆಯನ್ನು ಕೇಳಿಸಿಕೊಳ್ಳಲು ಅರಸನೇ ಆಗಬೇಕೆಂದಿಲ್ಲವಲ್ಲ. ಈ ಸಲದ ಜಾತ್ರೆಗೆ ಮುಂಚೆ ಆ ಕೇರಿಗೆ ಹೋಗಿ, ಗೆಳೆಯನ ಮನೆಯ ಜಗಲಿಯ ಮೇಲೆ ಕುಳಿತು, ಅವರು ಹೇಳುವುದನ್ನು ಮೊದಲು ಕೇಳಬೇಕೆಂದಿದ್ದೇನೆ.