ಹ್ಯಾನಿಬಲ್

ಹ್ಯಾನಿಬಲ್ (ಕ್ರಿ.ಪೂ. 247–183) ಉತ್ತರ ಆಫ್ರಿಕದ ಕಾರ್ತೇಜ್ ರಾಜ್ಯದ ಸೇನಾನಿ. ಎರಡನೆಯ ಪ್ಯೂನಿಕ್ ಯುದ್ಧದಲ್ಲಿ (ಕ್ರಿ.ಪೂ. 218–201) ಆಲ್ಪ್ಸ್ ಪರ್ವತಗಳನ್ನು ದಾಟಿ ಇಟಲಿಯನ್ನು ಹೊಕ್ಕು, ಸುಮಾರು 15 ವರ್ಷ ರೋಮನ್ನರ ನೆಲದಲ್ಲಿಯೇ ಅವರೊಡನೆ ಹೋರಾಡಿದವನು. ಯುದ್ಧದಲ್ಲಿ ಕಪಟೋಪಾಯಗಳ ಬಳಕೆಗೆ ಈತನಷ್ಟು ಹೆಸರಾದವರು ಪ್ರಾಚೀನ ಕಾಲದಲ್ಲಿ ವಿರಳ. ಕಾರ್ತೇಜಿನವರು ಬರೆದ ಚರಿತ್ರೆ ಯಾವುದೂ ಉಳಿದಿಲ್ಲವಾಗಿ, ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಮತ್ತು ರೋಮಿನ ಲಿವಿಯ ಬರೆಹಗಳೇ ಮುಖ್ಯ ಆಧಾರ. ಲ್ಯಾಟಿನ್ ಭಾಷೆಯಲ್ಲಿ ಪ್ಯೂನಿಕ್ ನಂಬಿಕೆ ಎಂದರೆ ನಂಬಿಕೆದ್ರೋಹ ಎಂದೇ ಅರ್ಥವಾಗಿತ್ತು. ಈತನ ಕಪಟದ ಕಥೆಗಳನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕು.

ಆರಂಭಿಕ ಜೀವನ

ತಂದೆ ಹಮಿಲ್ಕರ್ ಬಾರ್ಕಾ ಮೊದಲನೆಯ ಪ್ಯೂನಿಕ್ ಯುದ್ಧದಲ್ಲಿ ಸಿಸಿಲಿಯಲ್ಲಿ ಹೋರಾಡಿದ್ದ. ಆತ ಸ್ಪೇನಿಗೆ ಹೊರಟಾಗ, ರೋಮಿಗೆ ಎಂದೂ ಮಿತ್ರನಾಗುವುದಿಲ್ಲವೆಂದು ಒಂಬತ್ತು ವರ್ಷದ ಮಗನಿಂದ ಪ್ರಮಾಣ ಮಾಡಿಸಿದನೆಂದು ಪಾಲಿಬಿಯಸ್ ಹೇಳುತ್ತಾನೆ. ಕ್ರಿ.ಪೂ. 221ರಲ್ಲಿ ಸೈನ್ಯವು ಹ್ಯಾನಿಬಲನನ್ನು ಸೇನಾಪತಿಯನ್ನಾಗಿ ಆರಿಸಿತು. ಎರಡು ವರ್ಷಗಳ ಅನಂತರ ಈತ ರೋಮಿನ ಮಿತ್ರನಗರವಾದ ಸಗುಂಟಮನ್ನು ಮುತ್ತಿ ಗೆದ್ದುದು ಯುದ್ಧಕ್ಕೆ ಕಾರಣವಾಯಿತು.

ಇಟಲಿಯಲ್ಲಿ

ಆಲ್ಪ್ಸ್ ದಾಟಿದಾಗ ಈತನ ಬಳಿ ಉಳಿದದ್ದು 20,000 ಕಾಲಾಳುಗಳು ಮತ್ತು 6,000 ಕುದುರೆ ಸವಾರರು. ರೋಮನ್ನರ ಜನಬಲದ ಮುಂದೆ ಇದು ಅಲ್ಪವಾದುದರಿಂದ ಹ್ಯಾನಿಬಲ್ ಎದುರಾಳಿ ದಂಡನಾಯಕನ ಸ್ವಭಾವವನ್ನೇ ತನ್ನ ಆಯುಧವಾಗಿ ಮಾಡಿಕೊಂಡ. ಕ್ರಿ.ಪೂ. 218ರ ಚಳಿಗಾಲದಲ್ಲಿ ಟ್ರೆಬಿಯಾ ನದಿಯ ಬಳಿ ಕಾನ್ಸಲ್ ಸೆಂಪ್ರೋನಿಯಸ್ ಗೆಲವಿಗೆ ಆತುರಪಡುತ್ತಿದ್ದ. ಹ್ಯಾನಿಬಲ್ ಮುಂಜಾನೆಯೇ ನುಮಿಡಿಯನ್ ಸವಾರರನ್ನು ಕಳುಹಿಸಿ ಅವನನ್ನು ಕೆಣಕಿದ. ರೋಮನ್ ಸೈನಿಕರು ಉಪಾಹಾರವನ್ನೂ ಮಾಡದೆ ಕೊರೆಯುವ ನದಿಯನ್ನು ದಾಟಿ ಬಂದರು. ಪೊದೆ ಮುಚ್ಚಿದ ಹಳ್ಳದಲ್ಲಿ ಅಡಗಿದ್ದ ತಮ್ಮ ಮಾಗೋನ ಪಡೆ ಹಿಂದಿನಿಂದ ಅವರ ಮೇಲೆ ಬಿತ್ತು. ಮರುವರ್ಷ ಟ್ರಾಸಿಮೀನ್ ಸರೋವರದ ದಡದಲ್ಲಿ ಮಂಜಿನ ಮರೆಯಲ್ಲಿ ಇಡೀ ಸೈನ್ಯವೇ ಹೊಂಚುಹಾಕಿತು. ಕಾನ್ಸಲ್ ಫ್ಲಾಮಿನಿಯಸ್‌ನೊಂದಿಗೆ ಸುಮಾರು 15,000 ರೋಮನ್ನರು ಸತ್ತರು.

ಬಳಿಕ ಸರ್ವಾಧಿಕಾರಿಯಾದ ಫೇಬಿಯಸ್ ಬೇರೆ ಬಗೆಯವನು. ಆತ ಯುದ್ಧಕ್ಕೆ ಇಳಿಯದೆ ಬೆಟ್ಟಗಳ ಮೇಲಿನಿಂದಲೇ ಹ್ಯಾನಿಬಲನನ್ನು ಹಿಂಬಾಲಿಸಿದ. ಕ್ಯಾಂಪೇನಿಯಾದ ಬಯಲನ್ನು ಲೂಟಿ ಮಾಡಿದ ಹ್ಯಾನಿಬಲ್ ಮರಳುವ ಕಣಿವೆಯ ದಾರಿಯಲ್ಲಿ 4,000 ಮಂದಿಯನ್ನು ಕಾವಲಿಟ್ಟ. ಹ್ಯಾನಿಬಲ್ ಸುಮಾರು 2,000 ಎತ್ತುಗಳ ಕೊಂಬುಗಳಿಗೆ ಒಣಕಟ್ಟಿಗೆಯ ಹೊರೆ ಕಟ್ಟಿಸಿ, ನಡುರಾತ್ರಿ ಕಳೆದ ಮೇಲೆ ಬೆಂಕಿ ಹಚ್ಚಿ, ಕಣಿವೆಯ ಪಕ್ಕದ ದಿಣ್ಣೆಯತ್ತ ಅಟ್ಟಿಸಿದ. ಶತ್ರುಸೈನ್ಯ ಬೆಟ್ಟ ಹತ್ತಿ ಪಾರಾಗುತ್ತಿದೆಯೆಂದು ಭಾವಿಸಿದ ಕಾವಲುಗಾರರು ದಾರಿಯನ್ನು ಬಿಟ್ಟು ಬೆಳಕಿನತ್ತ ಓಡಿದರು. ಇದು ಮೋಸವಿರಬಹುದೆಂದು ಫೇಬಿಯಸ್ ಶಂಕಿಸಿದ. ಆದರೆ ಶಂಕೆಯಿಂದಾಗಿಯೇ ಬೆಳಗಾಗುವವರೆಗೆ ಶಿಬಿರ ಬಿಟ್ಟು ಕದಲಲಿಲ್ಲ. ಅಷ್ಟರಲ್ಲಿ ಕಾರ್ತೇಜಿನ ಸೈನ್ಯ ಕೊಳ್ಳೆಯ ಸಮೇತ ಕಣಿವೆಯನ್ನು ದಾಟಿತ್ತು. ಸೆಂಪ್ರೋನಿಯಸನ ಆತುರದಂತೆ ಫೇಬಿಯಸನ ಎಚ್ಚರಿಕೆಯೂ ಈತನ ಲೆಕ್ಕಾಚಾರದಲ್ಲಿ ಸೇರಿತ್ತು.

ಕ್ರಿ.ಪೂ. 216ರ ಕ್ಯಾನೀ ಯುದ್ಧ ಈತನ ಅತ್ಯಂತ ದೊಡ್ಡ ಗೆಲವು. ಅಲ್ಲಿ ಸತ್ತ ರೋಮನ್ನರ ಸಂಖ್ಯೆ ಪಾಲಿಬಿಯಸನ ಪ್ರಕಾರ 70,000, ಲಿವಿಯ ಪ್ರಕಾರ ಸುಮಾರು 48,000. ಕ್ರಿ.ಪೂ. 212ರಲ್ಲಿ ಟಾರೆಂಟಮ್ ನಗರ ವಶವಾದದ್ದು ಮಾತ್ರ ಶುದ್ಧ ಕಪಟದಿಂದ. ಫಿಲೆಮೆನಸ್ ಎಂಬ ನಗರವಾಸಿ ರಾತ್ರಿ ಬೇಟೆಗೆ ಹೋಗಿ ಬಂದು ಕಾವಲುಗಾರರಿಗೆ ಮಾಂಸ ಹಂಚುವುದನ್ನು ರೂಢಿ ಮಾಡಿಕೊಂಡಿದ್ದ. ಆತನ ಸಿಳ್ಳೆ ಕೇಳಿದರೆ ಬಾಗಿಲು ತೆರೆಯುತ್ತಿತ್ತು. ಒಂದು ರಾತ್ರಿ ಆತ ತಂದ ಕಾಡುಹಂದಿಯ ಹಿಂದೆ ಹ್ಯಾನಿಬಲನ ಸೈನಿಕರೂ ಒಳನುಗ್ಗಿದರು. ಆದರೂ ಕೋಟೆ ರೋಮನ್ನರ ಕೈಯಲ್ಲೇ ಉಳಿಯಿತು.

ರೋಮನ್ನರ ಪ್ರತಿತಂತ್ರ

ವರ್ಷಗಳು ಕಳೆದಂತೆ ರೋಮನ್ನರು ಈತನ ವಿದ್ಯೆಯನ್ನು ಕಲಿತರು. ಕ್ರಿ.ಪೂ. 211ರಲ್ಲಿ ಕಾಪುವಾದ ಮುತ್ತಿಗೆ ತೆರವಾಗಲೆಂದು ಹ್ಯಾನಿಬಲ್ ರೋಮ್ ನಗರದತ್ತ ನಡೆದರೂ ಮುತ್ತಿಗೆ ತೆರವಾಗಲಿಲ್ಲ. ಕ್ರಿ.ಪೂ. 208ರಲ್ಲಿ ಸತ್ತ ಕಾನ್ಸಲ್ ಮಾರ್ಸೆಲಸನ ಮುದ್ರೆಯುಂಗುರ ಈತನಿಗೆ ದೊರೆಯಿತು. ಅದರ ಮುದ್ರೆಯೊತ್ತಿ ಸಲಾಪಿಯಾ ನಗರಕ್ಕೆ ಸುಳ್ಳು ಪತ್ರ ಕಳುಹಿಸಿದ. ಇನ್ನೊಬ್ಬ ಕಾನ್ಸಲ್ ಮೊದಲೇ ಎಚ್ಚರಿಸಿದ್ದುದರಿಂದ ನಗರದವರು ಲ್ಯಾಟಿನ್ ಮಾತಾಡುತ್ತ ಬಂದ ಮುಂಚೂಣಿಯನ್ನು ಒಳಬಿಟ್ಟು, ಬಾಗಿಲನ್ನು ಇಳಿಸಿ ಕೊಂದರು.

ಮರುವರ್ಷ ಇನ್ನೂ ದೊಡ್ಡ ಪೆಟ್ಟು ಬಿತ್ತು. ಈತನ ತಮ್ಮ ಹಸ್ದ್ರುಬಲ್ ಹೊಸ ಸೈನ್ಯದೊಂದಿಗೆ ಆಲ್ಪ್ಸ್ ದಾಟಿ ಬರುತ್ತಿದ್ದ. ದಕ್ಷಿಣದಲ್ಲಿ ಹ್ಯಾನಿಬಲನ ಎದುರಿಗಿದ್ದ ಕಾನ್ಸಲ್ ಕ್ಲಾಡಿಯಸ್ ನೀರೋ (ಮುಂದೆ ಬಂದ ಚಕ್ರವರ್ತಿಯಲ್ಲ) ಶಿಬಿರವನ್ನು ಇದ್ದಂತೆಯೇ ಬಿಟ್ಟು, 7,000 ಮಂದಿಯೊಡನೆ ಗುಟ್ಟಾಗಿ ಉತ್ತರಕ್ಕೆ ಧಾವಿಸಿದ. ಅಲ್ಲಿ ಹೊಸ ಡೇರೆಗಳನ್ನು ಹಾಕದೆ ಇದ್ದವುಗಳಲ್ಲಿಯೇ ಸೈನಿಕರು ತಂಗಿದರು. ಮೆಟಾರಸ್ ನದಿಯ ಬಳಿ ಹಸ್ದ್ರುಬಲ್ ಸತ್ತ. ಹ್ಯಾನಿಬಲನಿಗೆ ಸುದ್ದಿ ತಿಳಿದದ್ದು ತಮ್ಮನ ತಲೆಯನ್ನು ತನ್ನ ಕಾವಲುಠಾಣೆಯ ಮುಂದೆ ಎಸೆದಾಗ.

ಕೊನೆಯ ವರ್ಷಗಳು

ಕ್ರಿ.ಪೂ. 203ರಲ್ಲಿ ಸ್ವದೇಶಕ್ಕೆ ಕರೆಸಿಕೊಳ್ಳಲ್ಪಟ್ಟ ಹ್ಯಾನಿಬಲ್ ಮರುವರ್ಷ ಜಾಮಾ ಯುದ್ಧದಲ್ಲಿ ಸಿಪಿಯೊನಿಗೆ ಸೋತ. ಕೆಲಕಾಲ ಕಾರ್ತೇಜಿನ ಆಡಳಿತವನ್ನು ಸುಧಾರಿಸಿ, ವಿರೋಧಿಗಳ ದೂರಿನಿಂದ ದೇಶ ಬಿಟ್ಟು, ಸಿರಿಯದ ದೊರೆ ಆಂಟಿಯೋಕಸನಲ್ಲಿ, ಕೊನೆಗೆ ಬಿಥಿನಿಯಾದ ದೊರೆ ಪ್ರುಸಿಯಾಸನಲ್ಲಿ ಆಶ್ರಯ ಪಡೆದ. ಅಲ್ಲಿ ಪೆರ್ಗಮಮಿನ ಹಡಗುಗಳ ಮೇಲೆ ವಿಷಸರ್ಪ ತುಂಬಿದ ಮಡಕೆಗಳನ್ನು ಎಸೆಯಿಸಿದನೆಂಬ ಕಥೆಯಿದೆ. ರೋಮನ್ನರು ಈತನನ್ನು ಒಪ್ಪಿಸುವಂತೆ ಒತ್ತಾಯಿಸಿದಾಗ ಲಿಬಿಸ್ಸಾದ ಈತನ ಮನೆಗೆ ಸೈನಿಕರು ಬಂದರು. ಇಂಥ ದಿನಕ್ಕೆಂದೇ ಮನೆಗೆ ಹಲವು ಗುಪ್ತದ್ವಾರಗಳನ್ನು ಮಾಡಿಸಿಕೊಂಡಿದ್ದ; ಎಲ್ಲದಕ್ಕೂ ಕಾವಲು ಬಿದ್ದಿತ್ತು. ಹ್ಯಾನಿಬಲ್ ವಿಷ ಸೇವಿಸಿ ಪ್ರಾಣಬಿಟ್ಟ.