ಅಧಿಕಾರ ಬಿಟ್ಟು ಊರಿಗೆ ಮರಳಿದ ಮೇಷ್ಟ್ರು

ದೇಶ ಕಟ್ಟಿದವರನ್ನು ರಾಷ್ಟ್ರಪಿತ ಎಂದು ಕರೆಯುವುದು ಲೋಕರೂಢಿ. ಪೂರ್ವ ಆಫ್ರಿಕಾದ ಟಾಂಜಾನಿಯದ ಜನರೂ ಜೂಲಿಯಸ್ ನೈರೆರೆಯವರನ್ನು ಹಾಗೆ ಕರೆಯುವುದುಂಟು. ಆದರೆ ಅವರ ಬಾಯಿಗೆ ಮೊದಲು ಬರುವ ಹೆಸರು ‘ಮ್ವಾಲಿಮು’. ಸ್ವಾಹಿಲಿ ಭಾಷೆಯ ಆ ಮಾತಿಗೆ ನಮ್ಮಲ್ಲೂ ಸರಿಯಾದ ಶಬ್ದವಿದೆ: ಮೇಷ್ಟ್ರು.

ಈ ಮೇಷ್ಟ್ರು ಹುಟ್ಟಿದ್ದು 1922ರ ಏಪ್ರಿಲ್ 13ರಂದು, ವಿಕ್ಟೋರಿಯ ಸರೋವರದ ಪೂರ್ವಕ್ಕಿರುವ ಬುಟಿಯಾಮ ಎಂಬ ಹಳ್ಳಿಯಲ್ಲಿ. ತಂದೆ ಜನಾಕಿ ಎಂಬ ಸಣ್ಣ ಬುಡಕಟ್ಟಿನ ಮುಖ್ಯಸ್ಥ. ಆತನಿಗೆ ಇಪ್ಪತ್ತೆರಡು ಮಂದಿ ಹೆಂಡಿರು. ಐದನೆಯವರಾದ ಮುಗಾಯ ಇವರ ತಾಯಿ. ಮಳೆಯ ದೈವದ ಹೆಸರಿಟ್ಟು ಮಗುವನ್ನು ಕಂಬರಗೆ ಎಂದು ಕರೆದರು. ಆಡು ಕಾಯುತ್ತಿದ್ದ ಹುಡುಗ ಶಾಲೆಯ ಮೆಟ್ಟಿಲು ಹತ್ತಿದ್ದು ಹನ್ನೆರಡನೆಯ ವಯಸ್ಸಿಗೆ. ಕ್ರೈಸ್ತ ವಿಶ್ವಾಸ ಅವರಿಗೆ ಮನೆಯಿಂದ ಬಂದದ್ದಲ್ಲ. 1943ರ ಡಿಸೆಂಬರ್ 23ರಂದು, ಇಪ್ಪತ್ತೊಂದರ ಹರೆಯದಲ್ಲಿ, ತಾವೇ ಬಯಸಿ ಜ್ಞಾನಸ್ನಾನ ಪಡೆದು ಜೂಲಿಯಸ್ ಎಂಬ ಹೆಸರು ಧರಿಸಿದರು.

ಟಬೋರದ ಸಂತ ಮೇರಿ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದಾಗ ಅಲ್ಲಿನ ಗುರುಗಳಾದ ಫಾದರ್ ರಿಚರ್ಡ್ ವಾಲ್ಶ್ ಅವರನ್ನು ಮುಂದೆ ಓದಲು ಹುರಿದುಂಬಿಸಿದರು. ಎಡಿನ್‌ಬರೋದಲ್ಲಿ ಎಂ.ಎ. ಮುಗಿಸಿ 1952ರಲ್ಲಿ ಮರಳಿದರು. ಮರುವರ್ಷ ಮರಿಯಾ ಎಂಬವರೊಂದಿಗೆ ವಿವಾಹವಾಯಿತು. ಅಂದಿನ ರಾಜಧಾನಿ ದಾರ್ ಎಸ್ ಸಲಾಮ್ ಸಮೀಪದ ಪುಗುವಿನ ಕಥೋಲಿಕ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಆದರೆ 1954ರಲ್ಲಿ ಅವರು ಕಟ್ಟಿದ ಟಾನು ಪಕ್ಷ ಬ್ರಿಟಿಷರಿಂದ ಸ್ವಾತಂತ್ರ್ಯ ಕೇಳತೊಡಗಿದಾಗ ಪಾಠವೋ ರಾಜಕೀಯವೋ ಎಂಬ ಪ್ರಶ್ನೆ ಎದುರಾಯಿತು. ಹೊಸ ಸಂಸಾರ ಹೂಡಿದವರಿಗೆ ತಿಂಗಳ ಸಂಬಳ ಬಿಡುವುದು ಸುಲಭವೇ? 1955ರಲ್ಲಿ ಬಿಟ್ಟರು.

1961ರ ಡಿಸೆಂಬರ್ 9ರಂದು, ರಕ್ತಪಾತವಿಲ್ಲದೆ, ಅಂದಿನ ಟಾಂಗನೀಕ ಸ್ವತಂತ್ರವಾಯಿತು. ನೈರೆರೆ ಪ್ರಧಾನಿಯಾದರು. ಆಮೇಲೆ ನಡೆದದ್ದನ್ನು ಗಮನಿಸಿ: ಆರೇ ವಾರಗಳಲ್ಲಿ ಪದವಿಗೆ ರಾಜೀನಾಮೆ ಕೊಟ್ಟು, ಪಕ್ಷವನ್ನು ಬಲಪಡಿಸಲು ಹಳ್ಳಿಗಳತ್ತ ಹೊರಟುಬಿಟ್ಟರು. ಆ ವರ್ಷದ ಕೊನೆಗೆ ಜನರೇ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. 1964ರಲ್ಲಿ ಜಾಂಜಿಬಾರ್ ದ್ವೀಪ ಸೇರಿ ಟಾಂಜಾನಿಯ ಹುಟ್ಟಿತು. ನೂರಕ್ಕೂ ಹೆಚ್ಚು ಬುಡಕಟ್ಟುಗಳು, ಮುಸಲ್ಮಾನರು, ಕ್ರೈಸ್ತರು, ಎಲ್ಲರಿಗೂ ಸ್ವಾಹಿಲಿಯೇ ಮನೆಮಾತಿನಂತಾಗಲಿ ಎಂದು ಅವರು ದುಡಿದರು. ಷೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’ ನಾಟಕವನ್ನು ತಾವೇ ಸ್ವಾಹಿಲಿಗೆ ತಂದರು. ರಾಜ್ಯಭಾರದ ನಡುವೆ ಅದಕ್ಕೆ ಬಿಡುವೆಲ್ಲಿ ಸಿಕ್ಕಿತೋ!

ಉಜಮಾ ಎಂಬುದು ಅವರ ಕನಸು. ಒಂದೇ ಮನೆಯವರಂತೆ ದುಡಿದು ಹಂಚಿಕೊಂಡು ಬಾಳುವುದು ಎಂದು ಅದರ ಅರ್ಥ. 1966ರಲ್ಲಿ ವಿದ್ಯಾರ್ಥಿಗಳು ರಾಷ್ಟ್ರಸೇವೆಯನ್ನು ವಿರೋಧಿಸಿ ಬೀದಿಗಿಳಿದು, ಮಂತ್ರಿಗಳ ಸಂಬಳದತ್ತ ಬೆರಳು ತೋರಿಸಿದಾಗ, ಅವರನ್ನು ಮನೆಗೆ ಕಳುಹಿಸಿದ ನೈರೆರೆ ತಮ್ಮ ಸಂಬಳದಲ್ಲೂ ಶೇಕಡಾ 20ರಷ್ಟು ಕಡಿತ ಮಾಡಿಕೊಂಡರು. 1967ರ ಅರೂಷ ಘೋಷಣೆ ನಾಯಕರಿಗೆ ಎರಡನೆಯ ಸಂಬಳ, ಬಾಡಿಗೆ ಮನೆಗಳ ಆದಾಯ ಎಲ್ಲವನ್ನೂ ನಿಷೇಧಿಸಿತು. ನಮ್ಮವರಿಗೆ ಅಚ್ಚರಿಯಾಗಬಹುದು: ಧರ್ಮಸಭೆಯ ಶಾಲೆಗಳಲ್ಲಿ ಕಲಿಸಿದ ಇದೇ ಕಥೋಲಿಕರು 1969ರ ಕಾಯಿದೆಯಿಂದ ಮಿಷನ್ ಶಾಲೆಗಳನ್ನು ಸರ್ಕಾರದ ವಶಕ್ಕೆ ತಂದರು. ಓದಿನಲ್ಲಿ ಹಿಂದುಳಿದಿದ್ದ ಮುಸಲ್ಮಾನ ಮಕ್ಕಳಿಗೂ ಸಮನಾದ ಬಾಗಿಲು ತೆರೆಯಬೇಕಿತ್ತು. ನನಗಂತೂ ಇದರಲ್ಲಿ ತಪ್ಪು ಕಾಣುವುದಿಲ್ಲ.

ತಪ್ಪು ಬೇರೆಡೆ ಇತ್ತು. ಮೊದಲು ಮನವೊಲಿಸಿ ಕಟ್ಟಬೇಕೆಂದಿದ್ದ ಉಜಮಾ ಹಳ್ಳಿಗಳಿಗೆ 1973ರಿಂದ ಜನರನ್ನು ಬಲವಂತವಾಗಿ ಸಾಗಿಸಲಾಯಿತು. ಲಕ್ಷಾಂತರ ರೈತರು ಅಜ್ಜಂದಿರ ಹೊಲ, ನೀರಿನ ನೆಲೆ ಬಿಟ್ಟು ಬರಬೇಕಾಯಿತು. ಕೆಲವೆಡೆ ಹಿಂದಿರುಗದಿರಲೆಂದು ಅವರ ಗುಡಿಸಲುಗಳಿಗೆ ಬೆಂಕಿಯಿಟ್ಟರು. ಬೆಳೆ ಕುಸಿಯಿತು, ವಿದೇಶದಿಂದ ಧಾನ್ಯ ತರಿಸಬೇಕಾಯಿತು. ವಿರೋಧಿಸಿದವರನ್ನು ವಿಚಾರಣೆಯಿಲ್ಲದೆ ಬಂಧಿಸಿಡುವ ಕಾನೂನು 1962ರಿಂದಲೇ ಇತ್ತು. 1965ರಿಂದ ಪಕ್ಷವೂ ಒಂದೇ. ಪ್ರಾರ್ಥನೆ ಬಿಡದ, ತಮಗಾಗಿ ಏನನ್ನೂ ಕೂಡಿಡದ ಮನುಷ್ಯರ ಕೈಯಿಂದಲೇ ಇದೂ ನಡೆಯಿತು. ಅದೇ ಕಾಲದಲ್ಲಿ ವಯಸ್ಕರಲ್ಲಿ ಬಹುಪಾಲು ಜನ ಓದು ಬರಹ ಕಲಿತರೆಂಬುದೂ ನಿಜ. ಮೇಲೆ 1978-79ರ ಯುದ್ಧ ಬಂತು. ಗಡಿ ದಾಟಿ ಬಂದ ಉಗಾಂಡದ ಇದಿ ಅಮೀನನನ್ನು ಅಧಿಕಾರದಿಂದ ಇಳಿಸಿದರಾದರೂ ಬೊಕ್ಕಸ ಬರಿದಾಯಿತು.

1985ರಲ್ಲಿ, ಯಾರೂ ಒತ್ತಾಯಿಸದೆ, ಅವರು ಅಧ್ಯಕ್ಷ ಪದವಿ ಬಿಟ್ಟಿಳಿದರು. ಪೀಠವೇರಿದವರು ಜಾಂಜಿಬಾರಿನಿಂದ ಬಂದಿದ್ದ ಅಲಿ ಹಸನ್ ಮ್ವಿನ್ಯಿ ಎಂಬ ಮುಸಲ್ಮಾನರು. ನೈರೆರೆ ಬುಟಿಯಾಮಕ್ಕೆ ಹಿಂದಿರುಗಿ ಜೋಳದ ಹೊಲಕ್ಕಿಳಿದರು. ರೈತರ ಸಹಕಾರ ಸಂಘಗಳನ್ನೂ ಸ್ಥಳೀಯ ಆಡಳಿತವನ್ನೂ ರದ್ದುಮಾಡಿದ್ದು ತಮ್ಮ ತಪ್ಪೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದರು. ತಾವೇ ಕಟ್ಟಿದ್ದ ಏಕಪಕ್ಷ ವ್ಯವಸ್ಥೆಯನ್ನು ಕಳಚಲೂ ಮುಂದೆ ದನಿಗೂಡಿಸಿದರು. 1995ರಲ್ಲಿ ನಮ್ಮ ಭಾರತ ಸರ್ಕಾರ ಗಾಂಧಿ ಶಾಂತಿ ಪ್ರಶಸ್ತಿಯನ್ನು ಆರಂಭಿಸಿದಾಗ ಮೊದಲು ಗೌರವಿಸಿದ್ದು ಅವರನ್ನೇ.

ರಕ್ತದ ಕ್ಯಾನ್ಸರಿನಿಂದ 1999ರ ಅಕ್ಟೋಬರ್ 14ರಂದು ಲಂಡನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗಲೂ ಅವರ ಕೈಯಲ್ಲಿ ಒಂದು ಕೆಲಸ ಉಳಿದಿತ್ತು: ಪಕ್ಕದ ಬುರುಂಡಿಯ ಬಡಿದಾಡುವ ಪಂಗಡಗಳನ್ನು ಕೂರಿಸಿ ಸಂಧಾನ ಮಾಡಿಸುವುದು. ಹುಟ್ಟೂರಿನ ಮಣ್ಣಿನಲ್ಲೇ ಅವರ ಸಮಾಧಿಯಾಯಿತು.

2005ರಲ್ಲಿ ಮುಸೋಮ ಧರ್ಮಕ್ಷೇತ್ರವು ಅವರನ್ನು ಸಂತರ ಸಾಲಿಗೆ ಸೇರಿಸುವ ವಿಚಾರಣೆ ಆರಂಭಿಸಿತು. ‘ದೇವರ ಸೇವಕ’ ಎಂಬ ಬಿರುದು ಸಂದಿದೆ. ಬೆಳಗಿನ ಬಲಿಪೂಜೆಯಲ್ಲಿ ಜನರ ನಡುವೆ ಅವರನ್ನು ಕಂಡವರಿದ್ದಾರೆ. ಆ ಸಾಕ್ಷಿಗಳ ಜೊತೆಗೆ, ಗುಡಿಸಲು ಕಳೆದುಕೊಂಡ ರೈತರ ಮಾತನ್ನೂ ಧರ್ಮಸಭೆ ಕೇಳಿಸಿಕೊಳ್ಳಬೇಕು. ಮೇಷ್ಟ್ರೂ ಅದಕ್ಕೆ ಬೇಡವೆನ್ನುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.