ಹಕ್ಕಿಗಳ ಲೆಕ್ಕ ಬರೆದ ಸಲೀಂ ಅಲಿ

ನವೆಂಬರ್ 12 ನಮ್ಮ ದೇಶದಲ್ಲಿ ರಾಷ್ಟ್ರೀಯ ಪಕ್ಷಿ ದಿನ. ಅದು ಡಾ. ಸಲೀಂ ಅಲಿ ಅವರು ಹುಟ್ಟಿದ ದಿನ. ಇಂಥವರ ಬಗ್ಗೆ ಬರೆಯುವುದು ವಿಜ್ಞಾನ ವಿಭಾಗದ ಗೆಳೆಯರ ಕೆಲಸ ಎಂದು ನಾವು ಕಾಮರ್ಸ್‌ನವರು ಸುಮ್ಮನೆ ಕೂತುಬಿಡುತ್ತೇವೆ. ಆದರೆ ಅವರ ಜೀವನ ಓದುತ್ತಾ ಹೋದಾಗ ನನಗೆ ಒಂದು ಸಂಗತಿ ಸಿಕ್ಕಿತು. ಭಾರತದ ಹಕ್ಕಿಗಳ ಬಗ್ಗೆ ಇಡೀ ಜಗತ್ತಿಗೆ ತಿಳಿಸಿದ ಈ ಮನುಷ್ಯ ಯುವಕನಾಗಿದ್ದಾಗ ಕಾಲೇಜಿನಲ್ಲಿ ಓದಿದ್ದು ವಾಣಿಜ್ಯ ಕಾನೂನು ಮತ್ತು ಅಕೌಂಟೆನ್ಸಿ. ಹಾಗಾಗಿ ಈ ಲೇಖನ ಬರೆಯುವ ಹಕ್ಕು ನನಗೂ ಇದೆ ಎಂದುಕೊಂಡೆ.

ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿ 1896ರಲ್ಲಿ ಮುಂಬಯಿಯ ಸುಲೇಮಾನಿ ಬೊಹ್ರಾ ಮನೆತನದಲ್ಲಿ ಹುಟ್ಟಿದರು. ಹತ್ತು ಮಕ್ಕಳಲ್ಲಿ ಕಡೆಯವರು. ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡರು, ಮೂರನೆಯ ವಯಸ್ಸಿಗೆ ತಾಯಿಯೂ ಹೋದರು. ತಾಯಿಯ ಅಣ್ಣ ಅಮೀರುದ್ದೀನ್ ತ್ಯಾಬ್‌ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಖೇತವಾಡಿಯ ತಮ್ಮ ಮನೆಯಲ್ಲಿ ಈ ಯತೀಮ್ ಮಕ್ಕಳನ್ನು ಸಾಕಿದರು. ಮಾಮು ಬೇಟೆಯ ಶೋಕಿಯವರು. ಹುಡುಗನಿಗೂ ಒಂದು ಏರ್‌ಗನ್ ಸಿಕ್ಕಿತು.

ಒಂದು ದಿನ ಹುಡುಗ ಹೊಡೆದ ಗುಬ್ಬಚ್ಚಿಯ ಕತ್ತಿನ ಮೇಲೆ ಹಳದಿ ಮಚ್ಚೆ ಇತ್ತು. ಇದು ಎಲ್ಲ ಗುಬ್ಬಿಗಳಂತಲ್ಲ ಎಂದು ಅವನಿಗೆ ಅನಿಸಿತು. ಯಾವ ಹಕ್ಕಿ ಎಂದು ಮಾಮುಗೆ ಗೊತ್ತಿರಲಿಲ್ಲ. ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅದು 1883ರಲ್ಲಿ ಶುರುವಾದ ಸಂಸ್ಥೆ. ಅಲ್ಲಿಯ ಕಾರ್ಯದರ್ಶಿ ಮಿಲ್ಲರ್ಡ್ ಸಾಹೇಬರು ಅದು ಹಳದಿ ಕತ್ತಿನ ಗುಬ್ಬಿ ಎಂದು ಗುರುತಿಸಿದರು. ಅಷ್ಟಕ್ಕೇ ಬಿಡದೆ ಕಪಾಟುಗಳನ್ನು ತೆರೆದು, ಹತ್ತಿ ತುಂಬಿ ಇಟ್ಟಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಒಬ್ಬ ದೊಡ್ಡ ಅಧಿಕಾರಿ ಒಬ್ಬ ಸಣ್ಣ ಹುಡುಗನ ಪ್ರಶ್ನೆಗೆ ಅರ್ಧ ಗಂಟೆ ಕೊಟ್ಟರೆ ಏನಾಗಬಹುದು ಎಂಬುದಕ್ಕೆ ಇದೇ ಉದಾಹರಣೆ. ನಮ್ಮ ಕಾಲೇಜಿನ ಉಪನ್ಯಾಸಕರೂ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

1913ರಲ್ಲಿ ಮೆಟ್ರಿಕ್ ಪಾಸಾಯಿತು. ಓದು ಹತ್ತದ ಹುಡುಗನನ್ನು ಮನೆಯವರು ಬರ್ಮಾದ ತವಾಯ್ ಊರಿಗೆ ಕಳಿಸಿದರು. ಅಲ್ಲಿ ಕುಟುಂಬದವರಿಗೆ ವುಲ್‌ಫ್ರಮ್ ಅದಿರು ಮತ್ತು ಮರದ ವ್ಯಾಪಾರ ಇತ್ತು. ಸಲೀಂ ವ್ಯಾಪಾರಕ್ಕಿಂತ ಕಾಡಿನಲ್ಲಿ ಹೆಚ್ಚು ಹೊತ್ತು ಕಳೆದರು. 1917ರಲ್ಲಿ ಮುಂಬಯಿಗೆ ಮರಳಿ ದಾವರ್ಸ್ ಕಾಲೇಜ್ ಆಫ್ ಕಾಮರ್ಸ್ ಸೇರಿದರು. ಬೆಳಿಗ್ಗೆ ಅಲ್ಲಿ ಲೆಕ್ಕ ಮತ್ತು ಕಾನೂನು, ನಂತರ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ. ಮರುವರ್ಷ ತೆಹ್ಮೀನಾ ಬೇಗಂ ಅವರೊಂದಿಗೆ ನಿಕಾಹ್ ಆಯಿತು.

ಅವರ ಬಳಿ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಅದೇ ಕಾರಣಕ್ಕೆ ಸರ್ಕಾರದ ಪ್ರಾಣಿ ಸರ್ವೇಕ್ಷಣಾ ಇಲಾಖೆಯ ಕೆಲಸ ಕೈತಪ್ಪಿತು. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ತಿಂಗಳಿಗೆ 350 ರೂಪಾಯಿಯ ಗೈಡ್ ಕೆಲಸ ಸಿಕ್ಕಿತು. ಆಮೇಲೆ ರಜೆ ಹಾಕಿ ಬರ್ಲಿನ್‌ಗೆ ಹೋಗಿ ಪ್ರೊಫೆಸರ್ ಸ್ಟ್ರೆಸಮಾನ್ ಅವರ ಬಳಿ ಪಕ್ಷಿಶಾಸ್ತ್ರ ಕಲಿತರು. 1930ರಲ್ಲಿ ವಾಪಸು ಬಂದು ನೋಡಿದರೆ ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ವಯಸ್ಸು ಮೂವತ್ತಮೂರು, ಕೈಯಲ್ಲಿ ಕೆಲಸ ಇಲ್ಲ.

ಗಂಡ ಹೆಂಡತಿ ಇಬ್ಬರೂ ಅಲಿಬಾಗ್ ಹತ್ತಿರದ ಕಿಹೀಮ್ ಎಂಬ ಸಮುದ್ರ ದಡದ ಹಳ್ಳಿಗೆ ಹೋಗಿ ನೆಲೆಸಿದರು. ಮನೆಯ ಹತ್ತಿರವೇ ಗೀಜಗ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ನಮ್ಮ ಉರ್ದುವಿನಲ್ಲಿ ಇದಕ್ಕೆ ಬಯಾ ಎನ್ನುತ್ತೇವೆ, ಪಕ್ಷಿಶಾಸ್ತ್ರದ ಇಂಗ್ಲಿಷ್ ಪುಸ್ತಕಗಳಲ್ಲೂ ಅದೇ ಹೆಸರು ಉಳಿದುಕೊಂಡಿದೆ. ಸಲೀಂ ಅಲಿ ತಿಂಗಳುಗಟ್ಟಲೆ ಕೂತು ಆ ಗೂಡುಗಳನ್ನು ನೋಡಿದರು, ನೋಡಿದ್ದನ್ನು ಅಂದಂದೇ ಬರೆದಿಟ್ಟರು. ಗಂಡು ಹಕ್ಕಿ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣುಗಳು ಬಂದು ಒಳಗೆ ಹೊಕ್ಕು ಪರೀಕ್ಷೆ ಮಾಡುತ್ತವೆ. ಒಂದು ಹೆಣ್ಣು ಒಪ್ಪಿದರೆ ಮಾತ್ರ ಗೂಡು ಪೂರ್ತಿಯಾಗುತ್ತದೆ. ಅದು ಮೊಟ್ಟೆಯಿಟ್ಟ ಮೇಲೆ ಗಂಡು ಇನ್ನೊಂದು ಗೂಡಿಗೆ ಕೈ ಹಾಕಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಹಳ್ಳಿಯ ಎಲ್ಲರ ಕಣ್ಣೆದುರು ಇದ್ದ ಈ ಸಂಗತಿಯನ್ನು ಯಾರೂ ಹೀಗೆ ದಾಖಲೆ ಮಾಡಿರಲಿಲ್ಲ. ಸೊಸೈಟಿಯ ಪತ್ರಿಕೆಯಲ್ಲಿ ಅದು ಅಚ್ಚಾದ ಮೇಲೆ ಪಕ್ಷಿಶಾಸ್ತ್ರಜ್ಞರು ಅವರ ಹೆಸರನ್ನು ಗುರುತಿಸಿದರು.

ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ ಮೊದಲು ಕಲಿಸುವುದು ಜರ್ನಲ್ ಎಂಟ್ರಿ. ವ್ಯವಹಾರ ನಡೆದ ದಿನವೇ, ತಾರೀಖು ಹಾಕಿ, ವಿವರದೊಂದಿಗೆ ಬರೆಯಬೇಕು. ನೆನಪಿನಿಂದ ಆಮೇಲೆ ಬರೆದ ಲೆಕ್ಕಕ್ಕೆ ಬೆಲೆ ಇಲ್ಲ. ಸಲೀಂ ಅಲಿ ಜೀವನಪೂರ್ತಿ ಮಾಡಿದ್ದು ಇದನ್ನೇ. ಯಾವ ಹಕ್ಕಿ, ಎಲ್ಲಿ, ಯಾವ ದಿನ, ಎಷ್ಟು, ಏನು ಮಾಡುತ್ತಿತ್ತು.

ಇಲ್ಲಿಂದ ಅವರ ಕಥೆ ನಮ್ಮ ಕಡೆಗೆ ಬರುತ್ತದೆ. ಆಗ ದೇಶದ ಅನೇಕ ಸಂಸ್ಥಾನಗಳ ಹಕ್ಕಿಗಳ ಬಗ್ಗೆ ಸರಿಯಾದ ಪಟ್ಟಿ ಇರಲಿಲ್ಲ. ಸಲೀಂ ಅಲಿ ಒಂದು ಯೋಜನೆ ಹಾಕಿದರು. ತಮಗೆ ಸಂಬಳ ಬೇಡ, ಶಿಬಿರದ ಮತ್ತು ಓಡಾಟದ ಖರ್ಚನ್ನು ಸಂಸ್ಥಾನ ಕೊಟ್ಟರೆ ಸಾಕು, ಸರ್ವೆ ಮಾಡಿಕೊಡುತ್ತೇನೆ ಎಂಬುದು ಆ ಯೋಜನೆ. 1931ರಲ್ಲಿ ಹೈದರಾಬಾದ್ ಸಂಸ್ಥಾನದ ಪಕ್ಷಿ ಸರ್ವೆ ಶುರುವಾಯಿತು. ಆ ಕಾಲಕ್ಕೆ ನಮ್ಮ ಬೀದರ್ ಕೂಡ ನಿಜಾಮರ ಅದೇ ಸಂಸ್ಥಾನಕ್ಕೆ ಸೇರಿತ್ತು. ಅದರ ವರದಿ 1933-34ರಲ್ಲಿ ಪ್ರಕಟವಾಯಿತು. ಶಿಬಿರಗಳಲ್ಲಿ ತೆಹ್ಮೀನಾ ಬೇಗಂ ಜೊತೆಗಿದ್ದು ವ್ಯವಸ್ಥೆಯನ್ನೆಲ್ಲ ನೋಡಿಕೊಳ್ಳುತ್ತಿದ್ದರು. ಆಮೇಲೆ ತಿರುವಾಂಕೂರು, ಕೊಚ್ಚಿ ಮತ್ತು ಬೇರೆ ಸಂಸ್ಥಾನಗಳ ಸರದಿ ಬಂತು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ತೆಹ್ಮೀನಾ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ಅಕ್ಕ ಕಮೂ ಮತ್ತು ಭಾವ ಹಸನ್ ಅಲಿ ಅವರ ಮನೆಯೇ ಅವರ ಮನೆಯಾಯಿತು.

ಆ ದುಃಖದ ಬೆನ್ನಲ್ಲೇ ಮೈಸೂರು ಸಂಸ್ಥಾನದ ಸರ್ವೆ ನಡೆಯಿತು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ನದಿಯಲ್ಲಿ ಹಳೆಯ ಅಣೆಕಟ್ಟೆಯಿಂದ ಉಂಟಾದ ಸಣ್ಣ ಸಣ್ಣ ದ್ವೀಪಗಳಿವೆ. ಅಲ್ಲಿ ಕೊಕ್ಕರೆ, ಬೆಳ್ಳಕ್ಕಿ, ಕೆಂಬರಲುಗಳು ಗುಂಪುಗುಂಪಾಗಿ ಗೂಡು ಕಟ್ಟುವುದನ್ನು ಸಲೀಂ ಅಲಿ ಕಂಡರು. ಇದನ್ನು ಕಾಪಾಡಬೇಕು ಎಂದು ಮೈಸೂರು ಮಹಾರಾಜರಿಗೆ ಮನವರಿಕೆ ಮಾಡಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಅದೇ ರಂಗನತಿಟ್ಟು. 2022ರಲ್ಲಿ ಅದು ಕರ್ನಾಟಕದ ಮೊದಲ ರಾಮ್ಸಾರ್ ತಾಣವಾಯಿತು. ಎಂಬತ್ತು ವರ್ಷ ಹಿಂದೆ ಬರೆದ ಒಂದು ಲೆಕ್ಕದ ಲಾಭವನ್ನು ಇವತ್ತಿನ ಹಕ್ಕಿಗಳು ಪಡೆಯುತ್ತಿವೆ.

1941ರಲ್ಲಿ ಭಾರತದ ಹಕ್ಕಿಗಳ ಬಗ್ಗೆ ಅವರ ಪ್ರಸಿದ್ಧ ಪುಸ್ತಕ ಬಂತು. ಚಿತ್ರ ನೋಡಿ ಸಾಮಾನ್ಯ ಓದುಗನೂ ಹಕ್ಕಿಯನ್ನು ಗುರುತಿಸಬಹುದಾಗಿತ್ತು. ಜೈಲಿನಲ್ಲಿದ್ದ ಜವಾಹರಲಾಲ್ ನೆಹರೂ ತಮ್ಮ ಮಗಳು ಇಂದಿರಾಗೆ ಈ ಪುಸ್ತಕವನ್ನು ಕಳಿಸಿದ್ದರು. ಮುಂದೆ ಅಮೆರಿಕದ ಡಿಲ್ಲನ್ ರಿಪ್ಲಿ ಜೊತೆ ಸೇರಿ 1968ರಿಂದ 1974ರವರೆಗೆ ಹತ್ತು ಸಂಪುಟಗಳ ಕೈಪಿಡಿಯನ್ನು ತಂದರು. ಇಷ್ಟರ ನಡುವೆ ಮೋಟಾರ್ ಸೈಕಲ್ ಹುಚ್ಚು ಬೇರೆ. 1950ರಲ್ಲಿ ಸ್ವೀಡನ್‌ನಲ್ಲಿ ನಡೆದ ಪಕ್ಷಿಶಾಸ್ತ್ರದ ಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ಗಾಡಿಯನ್ನು ಹಡಗಿಗೆ ಹಾಕಿಸಿಕೊಂಡು ಹೋಗಿ ಯುರೋಪ್ ಸುತ್ತಿದರು. ಆಗ ಅವರ ವಯಸ್ಸು ಐವತ್ಮೂರು.

ಸಲೀಂ ಅಲಿ ದೊಡ್ಡವರಾದದ್ದು ಒಂಟಿಯಾಗಿ ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳಿಂದ ರೋಗ ಬಂದಿರಬಹುದೇ ಎಂಬ ಅನುಮಾನ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸೊಸೈಟಿಯು ಹಕ್ಕಿಗಳನ್ನು ಹಿಡಿದು, ಕಾಲಿಗೆ ನಂಬರ್ ಇರುವ ಉಂಗುರ ಹಾಕಿ ಬಿಡುವ ಕೆಲಸ ಮಾಡಿತು. ಜೀವಂತ ಹಕ್ಕಿಗೆ ನೋವಾಗದಂತೆ ಹಿಡಿಯುವವರು ಯಾರು? ಬಿಹಾರದ ಮೀರ್‌ಶಿಕಾರ್ ಜನ. ತಲೆತಲಾಂತರದಿಂದ ಹಕ್ಕಿ ಹಿಡಿದು ಮಾರಿ ಬದುಕಿದ ಮುಸ್ಲಿಂ ಸಮುದಾಯ ಅದು. ಸಲೀಂ ಅಲಿ ಅವರನ್ನು ಅಪರಾಧಿಗಳಂತೆ ಓಡಿಸದೆ ಕೆಲಸಕ್ಕೆ ಕರೆದರು. ಸಂತೆಗಾಗಿ ಬಲೆ ಹಾಕುತ್ತಿದ್ದ ಕೈಗಳೇ ವಿಜ್ಞಾನಕ್ಕಾಗಿ ಬಲೆ ಹಾಕಿದವು.

ಅವರ ಜೀವನದಲ್ಲಿ ನಮಗೆ ಕಷ್ಟವೆನಿಸುವ ಸಂಗತಿಗಳೂ ಇವೆ. ಮ್ಯೂಸಿಯಂಗಾಗಿ ಅವರು ಅನೇಕ ಹಕ್ಕಿಗಳನ್ನು ಹೊಡೆದಿದ್ದಾರೆ. ಆ ಕಾಲದ ವಿಜ್ಞಾನ ಹಾಗೇ ನಡೆಯುತ್ತಿತ್ತು. ಇನ್ನೊಂದು ರಾಜಸ್ಥಾನದ ಭರತಪುರದ ವಿಷಯ. ಅದು ಮಹಾರಾಜರ ಬಾತುಕೋಳಿ ಬೇಟೆಯ ಜಾಗ. 1938ರಲ್ಲಿ ವೈಸರಾಯ್ ಬಂದಾಗ ಒಂದೇ ದಿನ 4,273 ಹಕ್ಕಿಗಳನ್ನು ಕೊಂದರು. ಸ್ವಾತಂತ್ರ್ಯದ ನಂತರ ಆ ಕೆರೆಯನ್ನು ಒಣಗಿಸಿ ಹೊಲ ಮಾಡಬೇಕೆಂಬ ಒತ್ತಾಯ ಬಂತು. ಸಲೀಂ ಅಲಿ ನೆಹರೂ ಅವರವರೆಗೂ ವಿಷಯ ಒಯ್ದು ಅದನ್ನು ಉಳಿಸಿದರು. ಆದರೆ ಅಲ್ಲಿ ಎಮ್ಮೆ ದನ ಮೇಯಿಸುವುದನ್ನು ನಿಲ್ಲಿಸಬೇಕು ಎಂಬುದಕ್ಕೂ ಅವರ ಬೆಂಬಲ ಇತ್ತು. 1982ರಲ್ಲಿ ನಿಷೇಧ ಬಂದಾಗ ಹಳ್ಳಿಯವರಿಗೂ ಪೊಲೀಸರಿಗೂ ಘರ್ಷಣೆಯಾಗಿ ಜನ ಸತ್ತರು. ಮುಂದೆ ಅವರದೇ ಸೊಸೈಟಿ ವರ್ಷಗಟ್ಟಲೆ ಅಧ್ಯಯನ ಮಾಡಿದಾಗ ಬೇರೆಯೇ ಉತ್ತರ ಬಂತು. ಎಮ್ಮೆಗಳು ಮೇಯದ ಕಾರಣ ಹುಲ್ಲು ಬೆಳೆದು ನೀರನ್ನು ಮುಚ್ಚಿಬಿಟ್ಟಿತ್ತು, ಹಕ್ಕಿಗಳಿಗೇ ತೊಂದರೆಯಾಗಿತ್ತು. ಅಷ್ಟು ದೊಡ್ಡ ತಜ್ಞರಿಗೂ ಕಾಣದ ಸತ್ಯ ಅಲ್ಲಿಯ ದನಗಾಹಿಗಳ ದಿನದ ಬದುಕಿನಲ್ಲಿತ್ತು. ಅವರನ್ನು ಮೊದಲೇ ಕೇಳಿದ್ದರೆ ಜೀವಗಳು ಉಳಿಯುತ್ತಿದ್ದವೇನೋ. ತಪ್ಪನ್ನು ತೋರಿಸಿದ್ದು ಅವರೇ ಬೆಳೆಸಿದ ಸಂಸ್ಥೆಯ ದಾಖಲೆ ಎಂಬುದನ್ನೂ ಮರೆಯಬಾರದು.

ಇದಕ್ಕೆ ಎದುರಾಗಿ ನಮ್ಮದೇ ರಾಜ್ಯದಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೆ. ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಊರವರು ಅವನ್ನು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 1994ರಲ್ಲಿ ಹಳ್ಳಿಯ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿದರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಅಲ್ಲಿ ಬೇಲಿ ಇಲ್ಲ, ಊರೇ ಕಾವಲು.

ಸಲೀಂ ಅಲಿ ಅವರಿಗೆ 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಬಂತು. ಜೆ. ಪಾಲ್ ಗೆಟ್ಟಿ ಪ್ರಶಸ್ತಿಯ 50,000 ಡಾಲರ್ ಹಣವನ್ನು ಸೊಸೈಟಿಯ ನಿಸರ್ಗ ಸಂರಕ್ಷಣಾ ನಿಧಿಗೆ ಕೊಟ್ಟುಬಿಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ಇಂತಕಾಲ್ ಆಯಿತು.

ನಮ್ಮ ಸಮುದಾಯದವರು ಎಂದು ಅವರ ಫೋಟೋ ಹಾಕಿ ಹೆಮ್ಮೆಪಟ್ಟರೆ ಮಾತ್ರ ಸಾಲದು. ಬೀದರ್, ಭಾಲ್ಕಿ, ಔರಾದ್ ಕಡೆಯಿಂದ ಬರುವ ನಮಗೆ ಮಾಂಜ್ರಾ ನದಿ ಇದೆ, ಕಾರಂಜಾ ಜಲಾಶಯ ಇದೆ, ಪಾಪನಾಶ ಕೆರೆ ಇದೆ, ಕೋಟೆಯ ಸುತ್ತ ಕಂದಕ ಇದೆ. ಚಳಿಗಾಲದಲ್ಲಿ ಜೋಳದ ಹೊಲಗಳಿಗೆ ದೂರ ದೇಶದಿಂದ ಗುಲಾಬಿ ಮೈನಾಗಳು ಹಿಂಡುಹಿಂಡಾಗಿ ಬರುತ್ತವೆ. ನಮ್ಮ ಹಿರಿಯರು ಇವನ್ನು ತಿಲಿಯರ್ ಎಂದು ಕರೆಯುತ್ತಾರೆ. ಯಾವ ವರ್ಷ ಬಂದವು, ಯಾವ ವರ್ಷ ಕಡಿಮೆಯಾದವು ಎಂದು ನಮ್ಮಲ್ಲಿ ಎಷ್ಟು ಜನ ಬರೆದಿಟ್ಟಿದ್ದೇವೆ? ಲೆಕ್ಕವೇ ಇಲ್ಲದಿದ್ದರೆ ನಷ್ಟವಾದದ್ದು ಗೊತ್ತಾಗುವುದೂ ಇಲ್ಲ.

ಆದ್ದರಿಂದ ನನ್ನ ಮನವಿ ಮೂರೇ. ಒಂದು, ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಹಕ್ಕಿ ರಿಜಿಸ್ಟರ್ ಇಡೋಣ. ತಾರೀಖು, ಜಾಗ, ಹಕ್ಕಿಯ ಹೆಸರು, ಸಂಖ್ಯೆ, ನೋಡಿದವರ ಸಹಿ. ಹೆಸರು ಕನ್ನಡ, ಉರ್ದು, ಮರಾಠಿ ಯಾವುದಾದರೂ ಸರಿ. ಕಾಲಂ ಗೆರೆ ಹಾಕುವ ಕೆಲಸ ಕಾಮರ್ಸ್ ವಿಭಾಗಕ್ಕಿರಲಿ. ಎರಡು, ಭಾಲ್ಕಿ, ಔರಾದ್ ಹಳ್ಳಿಗಳಿಂದ ಬರುವ ಗೆಳೆಯರು ತಮ್ಮೂರಿನ ಕುರಿಗಾಹಿಗಳನ್ನು, ಮೀನು ಹಿಡಿಯುವವರನ್ನು, ಹೊಲ ಕಾಯುವ ಅಜ್ಜಂದಿರನ್ನು ಕೇಳಿ ಬರೆದುಕೊಂಡು ಬರಲಿ. ಮೂರು, ನಮ್ಮ ಎಷ್ಟೋ ಮನೆಗಳಲ್ಲಿ ಮಿಠ್ಠೂ ಎಂದು ಪ್ರೀತಿಯಿಂದ ಕರೆದು ಗಿಳಿಯನ್ನು ಪಂಜರದಲ್ಲಿಡುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇದು ಅಪರಾಧ ಎಂದು ಬಹಳ ಜನರಿಗೆ ಗೊತ್ತಿಲ್ಲ. ಜಗಳ ಮಾಡದೆ, ಅಮ್ಮಿಗೆ, ನಾನಿಗೆ ತಿಳಿಸಿ ಹೇಳುವುದು ನಮ್ಮಿಂದಲೇ ಆಗಬೇಕು.

ರಿಜಿಸ್ಟರ್ ಈ ನವೆಂಬರ್ 12ರಂದೇ ಶುರುವಾಗಲಿ ಎಂದು ಪ್ರಾಂಶುಪಾಲರಲ್ಲಿ ವಿನಂತಿಸುತ್ತೇನೆ. ಮೊದಲ ಪುಟದಲ್ಲಿ ಬರೆಯಲು ದೂರ ಹೋಗಬೇಕಾಗಿಲ್ಲ. ಕಾಲೇಜಿನ ಆವರಣದಲ್ಲಿ ಕಾಗೆ, ಮೈನಾ, ಗುಬ್ಬಿ ಎಷ್ಟಿವೆ ಎಂದು ಎಣಿಸಿದರೆ ಸಾಕು.